ಟೈಲ್ಸ್ ಗೋಡೌನಿನ ಸೆಂಟರ್

ಬ್ಯಾಸ್ಕೆಟ್‌ಬಾಲ್ ಎಂಬ ಆಟಕ್ಕೂ ನನಗೂ ಯಾವ ಸಂಬಂಧವೂ ಇರಲಿಲ್ಲ. ನಾನು ಬಂಟ್ವಾಳದ ಕಡೆಯ ಬ್ಯಾರಿ. ಶಾಲೆಯ ಅಂಗಳದಲ್ಲಿ ವಾಲಿಬಾಲ್ ಆಡಿ, ಮಣಿಗಂಟು ಊದಿಸಿಕೊಂಡು ಮನೆಗೆ ಹೋಗಿ ಬೈಸಿಕೊಂಡದ್ದಷ್ಟೇ ನನ್ನ ಕ್ರೀಡಾಜೀವನ. ದುಬೈಗೆ ಬಂದು ತಲೆ ನರೆಯುವಷ್ಟು ಕಾಲವಾಯಿತು. ಅಲ್ ಕುಸೈಸ್‌ನಲ್ಲಿರುವ ಟೈಲ್ಸ್ ಮತ್ತು ಬಾತ್‌ರೂಮ್ ಸಾಮಾನಿನ ಕಂಪನಿಯೊಂದರಲ್ಲಿ ಕೆಲಸ. ವೀಸಾ ಮಾಡಿಸುವುದು, ಮೆಡಿಕಲ್ಲಿಗೆ ಕರೆದುಕೊಂಡು ಹೋಗುವುದು, ಕೆಲಸಗಾರರು ಉಳಿಯುವ ಕ್ಯಾಂಪಿನಲ್ಲಿ ಏಸಿ ಕೆಟ್ಟರೆ ರಿಪೇರಿಯವನನ್ನು ಹುಡುಕುವುದು, ಹೀಗೆ ಯಾರಿಗೂ ಬೇಡವಾದ ಕೆಲಸಗಳೆಲ್ಲ ಸುತ್ತಿ ಬಳಸಿ ನನ್ನ ಮೇಜಿಗೇ ಬಂದು ಬೀಳುತ್ತವೆ. ಹಾಗೆ ಬಂದು ಬಿದ್ದವುಗಳಲ್ಲಿ ಎಲ್ಲಕ್ಕಿಂತ ಉದ್ದದ್ದು ನಾನೀಗ ಹೇಳಹೊರಟ ಮನುಷ್ಯ.

ಎಲ್ಲ ಶುರುವಾದದ್ದು ನಮ್ಮ ಧಣಿಗಳಿಂದ. ಅವರು ಕುಂದಾಪುರದ ಕಡೆಯವರು. ಒಮ್ಮೆ ಪಕ್ಕದ ಬೀದಿಯ ಇನ್ನೊಂದು ಟೈಲ್ಸ್ ಕಂಪನಿಗೆ ಹೋಗಿದ್ದಾಗ ಅಲ್ಲಿನ ಶೋರೂಮಿನ ಗಾಜಿನ ಕಪಾಟಿನಲ್ಲಿ ದೊಡ್ಡದೊಂದು ಕಪ್ ಕಂಡರು. ಫಿಲಿಪಿನೋಗಳು ಇಲ್ಲಿ ಕಂಪನಿ ಕಂಪನಿಗಳ ನಡುವೆ ನಡೆಸುವ ಬ್ಯಾಸ್ಕೆಟ್‌ಬಾಲ್ ಪಂದ್ಯಾಟದ ಕಪ್ ಅದು. ವಾಪಸು ಬಂದವರೇ ನನ್ನನ್ನು ಕರೆಸಿದರು.

“ಹ್ವಾಯ್ ಸಾಯ್ಬ್ರೆ, ನಮ್ಮಲ್ಲೂ ಅಷ್ಟ್ ಜನ ಫಿಲಿಪಿನೋದವ್ರ್ ಇದ್ರಲ್ದಾ? ಎಂತ, ಬರೀ ಸೆಲ್ಫಿ ತೆಗುಕಾ ಅವ್ರ್ ಇಪ್ಪುದ್? ಒಂದ್ ಟೀಮ್ ಮಾಡಿ ಕಾಂಬ.”

“ನನಗೆ ಆ ಆಟದ ತಲೆಬುಡ ಗೊತ್ತಿಲ್ಲ ಧಣಿ,” ಎಂದೆ.

“ನೀವ್ ವಾಲಿಬಾಲ್ ಆಡಿದವ್ರಲ್ದಾ? ಅದೂ ಕೈಯಗೆ ಆಡುದ್, ಇದೂ ಕೈಯಗೆ ಆಡುದ್.”

ಮಾರನೇ ದಿನದಿಂದ ನಾನು ಟೀಮ್ ಮ್ಯಾನೇಜರ್.

ಶೋರೂಮಿನ ಫಿಲಿಪಿನೋ ಹುಡುಗರೇನೋ ಕುಣಿದಾಡಿಬಿಟ್ಟರು. ಅವರು ಹೇಗೂ ರಜಾದಿನ ಸಿಕ್ಕಿದಲ್ಲಿ ಆಡುವವರೇ. ಆದರೆ ಎಲ್ಲರೂ ನನ್ನ ಭುಜದೆತ್ತರದವರು. ಅವರ ಸೂಪರ್‌ವೈಸರ್ ಬಂದು, “ಸರ್, ನಮಗೊಬ್ಬ ಸೆಂಟರ್ ಬೇಕು,” ಎಂದ. ಬುಟ್ಟಿಯ ಕೆಳಗೆ ನಿಲ್ಲುವ, ಎಲ್ಲರಿಗಿಂತ ಎತ್ತರದ ಆಟಗಾರನಿಗೆ ಸೆಂಟರ್ ಎನ್ನುತ್ತಾರಂತೆ. ಅಂಥವನೊಬ್ಬ ಅವನಿಗೆ ಗೊತ್ತಿದ್ದ. ಮನಿಲಾದ ವೃತ್ತಿಪರ ಲೀಗಿನಲ್ಲಿ ಹಲವು ವರ್ಷ ಆಡಿದವನು, ಟೀವಿಯಲ್ಲಿ ಬರುತ್ತಿದ್ದವನು. ಈಗ ಯಾವ ತಂಡವೂ ಅವನನ್ನು ಕರೆಯುತ್ತಿಲ್ಲ, ಗಲ್ಫಿನಲ್ಲಿ ಏನು ಕೆಲಸ ಸಿಕ್ಕರೂ ಬರುತ್ತಾನೆ ಎಂದ. ಧಣಿಗಳಿಗೆ ಹೇಳಿದೆ. ಅವರು ಒಂದೇ ಮಾತು ಹೇಳಿದರು: “ತರ್ಸಿ.”

ಟೈಲ್ಸ್ ಮಾರುವ ಕಂಪನಿಗೆ ಆಟಗಾರನ ವೀಸಾ ಯಾರು ಕೊಡುತ್ತಾರೆ? ಸ್ಟೋರ್‌ಕೀಪರ್ ಹುದ್ದೆ ಖಾಲಿಯಿತ್ತು. ಅದರಲ್ಲೇ ಹಾಕಿದೆ. ಹೀಗೆ ತನ್ನ ದೇಶದಲ್ಲಿ ಹತ್ತಾರು ಸಾವಿರ ಜನರ ಮುಂದೆ ಆಡಿದವನು ನಮ್ಮ ಗೋಡೌನಿಗೆ ಬಂದ.

ವಿಮಾನ ನಿಲ್ದಾಣಕ್ಕೆ ಕರೆತರಲು ನಾನೇ ಹೋದೆ. ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಗುಂಪಿನ ಮೇಲೆ ಒಂದು ತಲೆ ತೇಲಿಕೊಂಡು ಬರುತ್ತಿತ್ತು. ನಾನು ಕೈಕುಲುಕುವ ಮೊದಲೇ ಅಲ್ಲಿದ್ದ ಫಿಲಿಪಿನೋಗಳು ಅವನನ್ನು ಮುತ್ತಿಕೊಂಡರು. ಶುಚಿ ಮಾಡುವವಳು, ಕಾಫಿ ಅಂಗಡಿಯವನು, ಯಾರನ್ನೋ ಕರೆದೊಯ್ಯಲು ಬಂದ ದೊಡ್ಡ ಸಂಸಾರವೊಂದು, ಎಲ್ಲರಿಗೂ ಫೋಟೋ ಬೇಕು. ಯಾರೋ ನನ್ನ ಕೈಗೆ ಮೊಬೈಲು ಕೊಟ್ಟು, “ಪ್ಲೀಸ್ ಸರ್,” ಎಂದರು. ಅವನ ತಲೆಯೂ ಮಗುವಿನ ಮುಖವೂ ಒಂದೇ ಚಿತ್ರದಲ್ಲಿ ಬರಬೇಕಾದರೆ ನಾನು ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂರಬೇಕಾಯಿತು. ಹೊರಗೆ ನನ್ನ ಕಾರಿನ ಪಾರ್ಕಿಂಗ್ ಬಾಡಿಗೆ ಏರುತ್ತಿತ್ತು. ಅವನು ಮಾತ್ರ ಒಬ್ಬರಿಗೂ ಇಲ್ಲವೆನ್ನದೆ, ಬೆನ್ನು ಬಗ್ಗಿಸಿ, ನಗುತ್ತಾ ನಿಂತಿದ್ದ.

ಮುಂದಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ. ಕ್ಯಾಂಪಿನ ಎರಡಂತಸ್ತಿನ ಮಂಚದಲ್ಲಿ ಅವನ ಕಾಲು ಮೊಣಕಾಲಿನಿಂದ ಆಚೆ ಗಾಳಿಯಲ್ಲಿ ಇರುತ್ತಿತ್ತು. ನೆಲದ ಮೇಲೆ ಎರಡು ಹಾಸಿಗೆ ಉದ್ದಕ್ಕೆ ಜೋಡಿಸಿ ಕೊಟ್ಟೆ. ಅದರಿಂದ ಬಾಗಿಲು ತೆರೆಯಲು ಆಗುವುದಿಲ್ಲವೆಂದು ಅದೇ ಕೋಣೆಯ ಮಲಯಾಳಿಗಳು ನನ್ನಲ್ಲಿ ಜಗಳಕ್ಕೆ ಬಂದರು. ಸೇಫ್ಟಿ ಶೂ ಅವನ ಅಳತೆಯಲ್ಲಿ ಇಡೀ ದೇಶದಲ್ಲಿ ಸಿಗಲಿಲ್ಲ. ಯೂನಿಫಾರ್ಮ್ ಹೊಲಿಸಲು ಕರಾಮದ ದರ್ಜಿಯ ಬಳಿ ಕರೆದುಕೊಂಡು ಹೋದೆ. ದರ್ಜಿ ಸ್ಟೂಲು ಹತ್ತಿ ಅಳತೆ ತೆಗೆದು, ಇಳಿದು ಬಂದು, “ಭಾಯ್, ಇದು ಪ್ಯಾಂಟಲ್ಲ, ಪರದೆ,” ಎಂದ. ಇಂಥ ಪ್ರತಿಯೊಂದು ರಗಳೆಗೂ ಅವನು ಹೇಳುತ್ತಿದ್ದುದು ಒಂದೇ: “ಓಕೆ ಸರ್.”

ನಮ್ಮಿಬ್ಬರ ಮಾತೆಲ್ಲ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಆ ‘ಓಕೆ ಸರ್’ ಅನ್ನು ಮಾತ್ರ ಕನ್ನಡಕ್ಕೆ ತರಲು ಬರುವುದಿಲ್ಲ. ಅದು ಒಪ್ಪಿಗೆಯೋ, ಬೇಸರವೋ, ಕೇಳಿಸಲೇ ಇಲ್ಲವೋ ಎಂದು ಕೊನೆಯ ತನಕ ನನಗೆ ಗೊತ್ತಾಗಲಿಲ್ಲ. ನಾಳೆ ಏಳು ಗಂಟೆಗೆ ಗೋಡೌನಿನಲ್ಲಿರು ಎಂದರೆ ಓಕೆ ಸರ್. ಎಂಟೂವರೆಗೆ ಬರುತ್ತಿದ್ದ. ಯಾಕೆ ಎಂದರೆ ಬಸ್ಸಿನಲ್ಲಿ ಯಾರೋ ಫೋಟೋ ಕೇಳಿದರು, ಅವರ ಸ್ಟಾಪಿನಲ್ಲಿ ಇಳಿಯಬೇಕಾಯಿತು ಎನ್ನುತ್ತಿದ್ದ. ಇನ್ನು ಮುಂದೆ ಹಾಗೆ ಇಳಿಯಬೇಡ ಎಂದರೆ ಮತ್ತೆ ಓಕೆ ಸರ್.

ಗೋಡೌನಿಗೆ ಮಾಲು ಒಯ್ಯಲು ಬರುವ ಲಾರಿಗಳ ಫಿಲಿಪಿನೋ ಡ್ರೈವರುಗಳದ್ದೂ ಅದೇ ಕತೆ. ಲೋಡಾದ ಮೇಲೂ ಅವನ ಜತೆ ಫೋಟೋ, ಮಾತು ಮುಗಿಯದೆ ಹೊರಡುತ್ತಿರಲಿಲ್ಲ. ಇತ್ತ ಗಿರಾಕಿಗಳು ನನಗೆ ಫೋನು ಮಾಡಿ ಕಿರುಚುವುದು. “ಖಲಾಸ್, ಈಗ ಹೊರಟಿತು,” ಎಂದು ಸುಳ್ಳು ಹೇಳಿ ಹೇಳಿ ನಾನು ಹೈರಾಣಾದೆ.

ಇಷ್ಟೆಲ್ಲ ಸಹಿಸಿದ್ದು ಆಟಕ್ಕಾಗಿ ತಾನೇ? ಮೊದಲ ಪಂದ್ಯಕ್ಕೆ ಧಣಿಗಳು ಸೂಟು ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತರು. ನಮ್ಮ ಸೆಂಟರ್ ಅಂಕಣಕ್ಕೆ ಇಳಿದಾಗ ಇಡೀ ಹಾಲ್ ಎದ್ದು ನಿಂತಿತು. ಆಟ ಶುರುವಾಯಿತು, ಮುಗಿಯಿತು. ಅವನು ಬುಟ್ಟಿಗೆ ಒಂದು ಚೆಂಡನ್ನೂ ಹಾಕಲಿಲ್ಲ. ಓಡುತ್ತಿರಲಿಲ್ಲ, ನೆಗೆಯುತ್ತಿರಲಿಲ್ಲ. ಬಲ ಮೊಣಕಾಲಿಗೆ ಕಪ್ಪು ಪಟ್ಟಿ ಸುತ್ತಿಕೊಂಡು, ಕಾಲಗಲಿಸಿ ಅಲ್ಲಿ ಸ್ವಲ್ಪ ನಿಲ್ಲುವುದು, ಇಲ್ಲಿ ಸ್ವಲ್ಪ ನಿಲ್ಲುವುದು. ಹಾಗಿದ್ದೂ ನಾವು ಗೆದ್ದೆವು. ಧಣಿಗಳಿಗೆ ಸಮಾಧಾನವಿಲ್ಲ.

“ಸಾಯ್ಬ್ರೆ, ಅಂವ ಎಂತಕ್ ಚೆಂಡ್ ಹಾಕುದಿಲ್ಲ? ನಾವ್ ಆಟಗಾರನ್ನ ತರ್ಸಿದ್ದಾ, ಕಂಬ ತರ್ಸಿದ್ದಾ?”

ನನಗೂ ಅದೇ ಪ್ರಶ್ನೆ. ಮನೆಗೆ ಬಂದು ಮಗಳಿಗೆ ಮೊಬೈಲಿನಲ್ಲಿದ್ದ ಪಂದ್ಯದ ವಿಡಿಯೋ ತೋರಿಸಿದೆ. ಅವಳು ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದವಳು. ಯಾವ ಭಾಷೆಯಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಸ್ವಲ್ಪ ನೋಡಿ, “ಪಪ್ಪಾ, ಡೋಂಟ್ ವಾಚ್ ದ ಬಾಲ್. ವಾಚ್ ಹಿಮ್,” ಎಂದಳು. ಚೆಂಡನ್ನು ಬಿಟ್ಟು ಅವನನ್ನೇ ನೋಡಿದೆ. ಅವಳು ವಿಡಿಯೋವನ್ನು ಅಲ್ಲಲ್ಲಿ ನಿಲ್ಲಿಸಿ ವಿವರಿಸಿದಳು. ಅವನು ಎಲ್ಲಿ ನಿಲ್ಲುತ್ತಾನೋ ಅಲ್ಲಿ ಎದುರಾಳಿಯ ದಾರಿ ಮುಚ್ಚುತ್ತದೆ. ಆ ಒಂದು ಗಳಿಗೆಯಲ್ಲಿ ನಮ್ಮ ಗಿಡ್ಡ ಹುಡುಗರಲ್ಲಿ ಒಬ್ಬ ಸಂದು ಮಾಡಿಕೊಂಡು ಒಳನುಗ್ಗಿ ಚೆಂಡು ಹಾಕುತ್ತಾನೆ. ಎದುರಾಳಿಗಳು ಬಂದು ಬಡಿದದ್ದು, ಮೊಣಕೈಯಲ್ಲಿ ತಿವಿದದ್ದು, ಎಲ್ಲ ಇವನ ಮೈಮೇಲೆ. ಇದನ್ನು ನಾನು ಧಣಿಗಳಿಗೆ ಹೇಳಿದೆ. ಅವರು ಕೇಳಿ, “ಅದ್ ಸರಿ. ಆರೆ ಒಂದಾರೂ ಹಾಕ್ಲಕ್ಕಲ್ದಾ?” ಎಂದರು.

ಪಂದ್ಯಗಳು ಕೆಲವು ದುಬೈಯಲ್ಲಿ, ಕೆಲವು ಅಬುಧಾಬಿಯಲ್ಲಿ. ಹುಡುಗರೆಲ್ಲ ಕಂಪನಿಯ ವ್ಯಾನಿನಲ್ಲಿ ಹೋಗುತ್ತಿದ್ದರು. ಇವನು ವ್ಯಾನಿನಲ್ಲಿ ಹಿಡಿಸುತ್ತಿರಲಿಲ್ಲವಾದ್ದರಿಂದ ನನ್ನ ಕಾರಿನಲ್ಲಿ, ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಅರ್ಧ ಮಲಗಿದಂತೆ ಕೂರುತ್ತಿದ್ದ. ಆ ದಾರಿಯಲ್ಲಿ ಅವನ ಕತೆ ತುಂಡು ತುಂಡಾಗಿ ನನಗೆ ಗೊತ್ತಾಯಿತು.

ಅವನದು ಮೀನು ಹಿಡಿಯುವವರ ಒಂದು ಸಣ್ಣ ದ್ವೀಪ. ಹೈಸ್ಕೂಲಿಗೆ ಬರುವ ಹೊತ್ತಿಗೆ ಮನೆಯ ಬಾಗಿಲಲ್ಲಿ ಬಗ್ಗಿ ನಡೆಯುತ್ತಿದ್ದ. ಅಲ್ಲಿಗೆ ಮನಿಲಾದಿಂದ ಒಬ್ಬ ಕೋಚ್ ಬೇರೆ ಯಾರನ್ನೋ ನೋಡಲು ಬಂದಿದ್ದ. ದೋಣಿಯಿಂದ ಇಳಿಯುವಾಗ ಅವನ ಚೀಲ ನೀರಿಗೆ ಬಿತ್ತು. ನಿಂತಲ್ಲಿಂದಲೇ ಕೈಚಾಚಿ ಚೀಲ ಎತ್ತಿಕೊಟ್ಟವನು ಇವನು. ಕೋಚ್ ಆ ಇನ್ನೊಬ್ಬನನ್ನು ಮರೆತು ಇವನ ತಾಯಿಯನ್ನು ಹುಡುಕಿಕೊಂಡು ಹೋದ. ಆ ತನಕ ಇವನು ಆ ಚೆಂಡನ್ನು ಸರಿಯಾಗಿ ಹಿಡಿದವನೂ ಅಲ್ಲ.

“ಅಂದರೆ ನಿನಗೆ ಆಟ ಇಷ್ಟವಿರಲಿಲ್ಲವಾ?” ಎಂದು ಕೇಳಿದೆ.

“ಯಾರೂ ಕೇಳಲಿಲ್ಲ ಸರ್. ಎತ್ತರ ಇತ್ತು, ಹೋದೆ.”

ಮನಿಲಾದ ಕಾಲೇಜೊಂದು ಊಟ, ವಸತಿ, ಓದು ಎಲ್ಲ ಕೊಟ್ಟಿತು. ಬೆಳಗ್ಗೆ ಎದ್ದರೆ ಮೊಟ್ಟೆ, ಓಟ, ಬೈಗುಳ. ಅಲ್ಲಿಂದ ವೃತ್ತಿಪರ ಲೀಗು. ತಂಡಗಳು ಹೊಸ ಆಟಗಾರರನ್ನು ಆರಿಸುವ ದಿನ ಊರಿನಿಂದ ತಾಯಿಯೂ ಬಂದಿದ್ದಳಂತೆ. ಒಬ್ಬೊಬ್ಬರ ಹೆಸರು ಕೂಗಿದಂತೆ ಒಂದೊಂದು ಸಂಸಾರ ಕುಣಿದು ಹೊರಹೋಗುತ್ತಿತ್ತು. ಇವನ ಹೆಸರು ಬರುವ ಹೊತ್ತಿಗೆ ಕುರ್ಚಿ ಮಡಚುವವರು ಕೆಲಸ ಶುರುಮಾಡಿದ್ದರು.

ಆಮೇಲೆ ಅವನು ಇಂಪೋರ್ಟುಗಳ ವಿಷಯ ಹೇಳಿದ. ಅವರ ಲೀಗಿನಲ್ಲಿ ವರ್ಷದ ಒಂದು ಭಾಗ ಊರಿನವರದೇ ಆಟ. ಉಳಿದ ಭಾಗದಲ್ಲಿ ಪ್ರತಿ ತಂಡವೂ ಹೊರದೇಶದ ಒಬ್ಬನನ್ನು ತರಿಸಬಹುದು. ಅವನಿಗೆ ಇಂಪೋರ್ಟ್ ಎನ್ನುತ್ತಾರೆ. ತರಿಸುವುದೇ ಆದರೆ ಎಲ್ಲರೂ ಎತ್ತರದವನನ್ನೇ ತರಿಸುತ್ತಾರೆ. ಆಗ ಊರಿನ ಸೆಂಟರ್ ಬೆಂಚಿಗೆ. “ಅಭ್ಯಾಸದಲ್ಲಿ ಅವರು ಗುದ್ದಿ ಗುದ್ದಿ ಪಳಗಬೇಕಲ್ಲ ಸರ್, ಅದಕ್ಕೆ ನಾನು ಬೇಕಿತ್ತು,” ಎಂದು ನಕ್ಕ. ಮೂಗಿನ ಮೇಲಿನ ಡೊಂಕನ್ನು ಮುಟ್ಟಿ ತೋರಿಸಿ, ಇದು ಅಂಥ ಒಬ್ಬನ ಉಡುಗೊರೆ ಎಂದ. ಒಂದು ತಂಡದಿಂದ ಇನ್ನೊಂದಕ್ಕೆ ಅವನನ್ನು ಮಾರಿದ್ದು ಗೊತ್ತಾದದ್ದು ಕ್ಷೌರದ ಅಂಗಡಿಯ ಟೀವಿಯಲ್ಲಿ. ಅರ್ಧ ಕೂದಲು ಕತ್ತರಿಸಿದ್ದಾಗಲೇ ತಂಡ ಬದಲಾಗಿತ್ತು. ಹಾಗೆ ತಂಡಗಳು ಬದಲಾದವು, ಮೊಣಕಾಲು ಸವೆಯಿತು, ಒಂದು ವರ್ಷ ಯಾರೂ ಫೋನು ಮಾಡಲಿಲ್ಲ.

ಕೇಳುತ್ತಾ ಕೇಳುತ್ತಾ ನನಗೇ ರೇಗಿಹೋಯಿತು. “ಇಷ್ಟೆಲ್ಲ ಆಗುವಾಗ ನಿನಗೆ ಒಮ್ಮೆಯಾದರೂ ಕೋಪ ಬರಲಿಲ್ಲವಾ ಮಾರಾಯ?”

“ಕೋಪ ಬಂದರೆ ಫೌಲ್ ಆಗುತ್ತದೆ ಸರ್.”

ನಾವು ಒಂದೊಂದಾಗಿ ಗೆಲ್ಲುತ್ತಾ ಫೈನಲ್ ಮುಟ್ಟಿದೆವು. ಎದುರಾಳಿ ಬೇರೆ ಯಾರೂ ಅಲ್ಲ, ಪಕ್ಕದ ಬೀದಿಯವರೇ. ಧಣಿಗಳ ನಿದ್ದೆ ಹಾರಿಹೋಯಿತು. ಆ ಕಂಪನಿಯವರು ಹೊರಗಿನಿಂದ ಯಾರನ್ನೋ ತರಿಸುತ್ತಿದ್ದಾರೆ ಎಂಬ ಸುದ್ದಿ ಬಂತು. ತಗೊಳ್ಳಿ, ನಮಗೂ ಒಬ್ಬ ಇಂಪೋರ್ಟ್ ಬೇಕಾಯಿತು. ಈ ಪಂದ್ಯಾಟದಲ್ಲಿ ಫಿಲಿಪಿನೋ ಅಲ್ಲದವರೆಲ್ಲ ಇಂಪೋರ್ಟುಗಳು. ಅದನ್ನು ಕೇಳಿ ನನಗೆ ನಗು ಬಂತು. ಈ ದೇಶದಲ್ಲಿ ನಾವೆಲ್ಲರೂ ಹೊರಗಿನಿಂದ ಬಂದ ಮಾಲೇ ಅಲ್ಲವೇ? ಕೊನೆಗೆ ಅಲ್ ಬರ್ಷಾದ ಜಿಮ್ ಒಂದರಲ್ಲಿ ಕಸರತ್ತು ಹೇಳಿಕೊಡುವ ಯುರೋಪಿನ ತರುಣನೊಬ್ಬ ಸಿಕ್ಕಿದ. ಬಾಗಿಲಿನಷ್ಟು ಅಗಲ, ಕುದುರೆಯ ಓಟ. ತೊಂದರೆಯೆಂದರೆ ನಿಯಮ. ವೃತ್ತಿಪರ ಲೀಗಿನಲ್ಲಿ ಆಡಿದವನೂ ಇಂಪೋರ್ಟೂ ಒಟ್ಟಿಗೆ ಅಂಕಣದಲ್ಲಿರುವಂತಿಲ್ಲ. ಒಬ್ಬ ಆಡಿದರೆ ಇನ್ನೊಬ್ಬ ಕೂರಬೇಕು.

“ಕಂಬ ಕೂಕಣ್ಲಿ,” ಎಂದರು ಧಣಿಗಳು. “ನೀವೇ ಹೇಳಿ ಅವ್ನಿಗೆ.”

“ಧಣಿ, ನಮ್ಮನ್ನು ಇಲ್ಲಿವರೆಗೆ ತಂದದ್ದು ಅವನೇ ಅಲ್ವಾ? ಹುಡುಗರೂ ಬೇಜಾರು ಮಾಡ್ಲಿಕ್ಕುಂಟು.”

“ಬೇಜಾರ್ ಗೀಜಾರ್ ಎಲ್ಲ ಕಪ್ ಬಂದ್ ಮೇಲೆ ಕಾಂಬ.”

ನಾನು ಗೋಡೌನಿಗೆ ಹೋದೆ. ಹೇಗೆ ಹೇಳುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವನು ಮೇಲಿನ ಹಲಗೆಯಿಂದ ಏಣಿಯಿಲ್ಲದೆ ನಲ್ಲಿಗಳ ಪೆಟ್ಟಿಗೆ ಇಳಿಸುತ್ತಿದ್ದ. ಹೇಳಿದೆ. ಪೆಟ್ಟಿಗೆಯನ್ನು ಮೆಲ್ಲಗೆ ಕೆಳಗಿಟ್ಟ.

“ಓಕೆ ಸರ್. ಆ ಹುಡುಗ ಅಭ್ಯಾಸಕ್ಕೆ ಯಾವಾಗ ಬರುತ್ತಾನೆ?”

“ಯಾಕೆ?”

“ಅವನಿಗೆ ನಮ್ಮ ಹುಡುಗರ ಆಟ ಗೊತ್ತಿಲ್ಲ. ಹೇಳಿಕೊಡಬೇಕು.”

ಬೈಯಲಿ, ಕೂಗಾಡಲಿ, ನಾಳೆಯಿಂದ ಬರುವುದಿಲ್ಲ ಎನ್ನಲಿ ಎಂದು ನಾನು ಕಾಯುತ್ತಿದ್ದೆ. ಅಂಥದ್ದೇನೂ ಆಗಲಿಲ್ಲ. ಆ ವಾರವಿಡೀ ಆ ತರುಣನ ಎದುರು ನಿಂತು ಗುದ್ದಿಸಿಕೊಂಡ. ಎಲ್ಲಿ ನಿಲ್ಲಬೇಕು, ಯಾರು ಎಡಗಡೆಯಿಂದ ನುಗ್ಗುತ್ತಾರೆ, ಯಾರಿಗೆ ಚೆಂಡನ್ನು ಕೆಳಗೆ ಕೊಡಬೇಕು, ಎಲ್ಲ ಹೇಳಿಕೊಟ್ಟ. ನೋಡುತ್ತಾ ನಿಂತ ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಮನೆಯಲ್ಲಿ ಹೆಂಡತಿಯ ಮೇಲೆ ರೇಗಿದೆ. ಅವಳು, “ಆಟ ಆಡುವವರು ಅವರು, ರಕ್ತದೊತ್ತಡ ಏರುವುದು ನಿಮಗೆ,” ಎಂದು ಮಾತ್ರೆಯ ಡಬ್ಬಿ ತಂದಿಟ್ಟಳು.

ಫೈನಲ್ ಅಬುಧಾಬಿಯಲ್ಲಿ, ಒಂದು ಭಾನುವಾರದ ಮಧ್ಯಾಹ್ನ. ಹಾಲಿನ ತುಂಬ ಫಿಲಿಪಿನೋ ಸಂಸಾರಗಳು. ಅನ್ನದ ಡಬ್ಬಿ, ಮಕ್ಕಳ ತಳ್ಳುಗಾಡಿ, ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದ ಅವನ ಹಳೆಯ ಜೆರ್ಸಿಯ ನಂಬರು. ಅವರೆಲ್ಲ ಬಂದದ್ದು ಅವನನ್ನು ನೋಡಲು. ಅವನು ಜಾಕೆಟ್ ತೊಟ್ಟು ಅಂಕಣದ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ. ನಮ್ಮ ಇಂಪೋರ್ಟ್ ಚೆನ್ನಾಗಿಯೇ ಆಡಿದ, ಸುಳ್ಳು ಹೇಳಬಾರದು. ಹೇಳಿಕೊಟ್ಟ ಜಾಗಗಳಲ್ಲೇ ನಿಂತ, ಸಾಲದ್ದಕ್ಕೆ ಓಡಿದ, ನೆಗೆದ, ಬುಟ್ಟಿ ಹಿಡಿದು ನೇತಾಡಿದ. ನಾವು ಮೊದಲಿಂದಲೇ ಮುಂದಿದ್ದೆವು.

ಅರ್ಧ ಆಟ ಕಳೆದ ಮೇಲೆ ಜನ ಕೂಗತೊಡಗಿದರು. ಮೊದಲು ಒಂದು ಮೂಲೆಯಲ್ಲಿ, ಆಮೇಲೆ ಹಾಲ್ ಪೂರ್ತಿ. ಅವನ ಹೆಸರು, ಚಪ್ಪಾಳೆ, ಮತ್ತೆ ಅವನ ಹೆಸರು. ಎದುರಾಳಿಯ ಕಡೆಯವರೂ ಕೂಗುತ್ತಿದ್ದರು. ಅವನು ನೀರಿನ ಬಾಟಲಿ ಹಿಡಿದು ನೆಲ ನೋಡುತ್ತಾ ಕೂತಿದ್ದ.

ಧಣಿಗಳಿಗೆ ಕಿರಿಕಿರಿ. “ಎಂತ ಅಂಬ್ರ್ ಇವರ್ದ್ ಗಲಾಟೆ?”

“ಅವನನ್ನು ಇಳಿಸ್ಲಿಕ್ಕೆ ಹೇಳ್ತಿದ್ದಾರೆ ಧಣಿ.”

ಆಟ ಮುಗಿಯಲು ಇನ್ನೇನು ಅರ್ಧ ನಿಮಿಷವಿತ್ತು. ಎದುರಾಳಿಗಳು ಕೈಚೆಲ್ಲಿದ್ದರು. ಧಣಿಗಳು ನನ್ನ ತೋಳು ತಟ್ಟಿ, “ಹೋಯ್ಲಿ, ಈಗ ಇಳ್ಸಿ. ಜನ್ರಿಗೂ ಖುಷಿ, ನಮ್ಗೂ ಶೋರೂಮಿಗೆ ಒಂದ್ ಫೋಟೋ ಆತ್,” ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಓಡಿಯೇ ಹೋದೆ. ಅವನ ಕುರ್ಚಿಯ ಬಳಿ ಬಗ್ಗಿ, “ಹೋಗು, ನಿನ್ನನ್ನೇ ಕರೆಯುತ್ತಿದ್ದಾರೆ. ಯಲ್ಲಾ!” ಎಂದೆ.

ಅವನು ನನ್ನ ಮುಖ ನೋಡಿದ. “ಇಲ್ಲ ಸರ್.”

ಗಲಾಟೆಯಲ್ಲಿ ತಪ್ಪಾಗಿ ಕೇಳಿಸಿತೇನೋ ಎಂದುಕೊಂಡೆ. “ಏನು?”

“ಇಲ್ಲ ಸರ್. ನಾನು ಹೋಗುವುದಿಲ್ಲ.”

“ಮೊಣಕಾಲು ನೋವಾ?”

“ಇಲ್ಲ.”

“ಮತ್ತೆ? ಧಣಿಗಳು ಹೇಳಿದ್ದು. ಇಷ್ಟು ಜನ ಕೂಗುತ್ತಿದ್ದಾರೆ. ಸುಮ್ಮನೆ ನಿಂತು ಬಾ, ಸಾಕು.”

“ಸುಮ್ಮನೆ ನಿಲ್ಲಲು ನಾನು ಹೋಗುವುದಿಲ್ಲ ಸರ್,” ಎಂದು ಮತ್ತೆ ನೆಲ ನೋಡಿದ.

ಬಂದ ದಿನದಿಂದ ಹಾಸಿಗೆಗೆ, ಶೂವಿಗೆ, ಪ್ಯಾಂಟಿಗೆ, ಬೆಂಚಿಗೆ, ಎಲ್ಲಕ್ಕೂ ಓಕೆ ಎಂದ ಮನುಷ್ಯ ಇಲ್ಲ ಎನ್ನಲು ಇದೇ ಗಳಿಗೆ ಆರಿಸಿಕೊಳ್ಳಬೇಕೇ? ಈ ಇಲ್ಲವನ್ನು ಹೊತ್ತುಕೊಂಡು ಧಣಿಗಳ ಹತ್ತಿರ ಹೋಗಬೇಕಾದವನು ನಾನು. ಹೋದೆ. ಅವರಿಗೆ ಅರ್ಥವಾಗುವಷ್ಟರಲ್ಲಿ ಶಿಳ್ಳೆ ಊದಿ ಆಟ ಮುಗಿದಿತ್ತು. ನಾವು ಗೆದ್ದಿದ್ದೆವು. ಹುಡುಗರು ಕಪ್ ಹಿಡಿದು ಧಣಿಗಳ ಅಕ್ಕಪಕ್ಕ ನಿಂತರು. ಜನ ಮಾತ್ರ ಅತ್ತ ಸುಳಿಯಲಿಲ್ಲ. ಆಡದೇ ಕೂತವನ ಪ್ಲಾಸ್ಟಿಕ್ ಕುರ್ಚಿಯಿಂದ ಹಾಲಿನ ಬಾಗಿಲಿನ ತನಕ ಸಾಲು ಹಚ್ಚಿದರು, ಫೋಟೋಕ್ಕೆ. ಧಣಿಗಳು ಅದನ್ನೊಮ್ಮೆ ನೋಡಿ ನನ್ನತ್ತ ತಿರುಗಿದರು.

“ನಾಳೆಯೇ ಅವ್ನ್ ವೀಸಾ ಕ್ಯಾನ್ಸಲ್ ಮಾಡಿ. ಖಲಾಸ್. ನನ್ ಕಣ್ಣಿಗೆ ಬೀಳುಕಾಗ ಅಂವ.”

ವಾಪಸು ಬರುವಾಗ ಕಾರಿನಲ್ಲಿ ನಾನು ಸಿಡಿದುಬಿಟ್ಟೆ. ಎಷ್ಟು ಕಷ್ಟಪಟ್ಟು ತರಿಸಿದೆ, ಎಷ್ಟು ಜನರ ಕೈಯಲ್ಲಿ ಮಾತು ಕೇಳಿದೆ, ಅರ್ಧ ನಿಮಿಷ ನಿಂತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ಕಿಟಕಿಯಾಚೆ ನೋಡುತ್ತಾ ಎಲ್ಲ ಕೇಳಿಸಿಕೊಂಡ. ಕೊನೆಗೆ, “ಸಾರಿ ಸರ್. ನನ್ನಿಂದ ನಿಮಗೆ ಬೈಗುಳ ಆಯಿತು,” ಎಂದ. ಕಾರಣ ಮಾತ್ರ ಹೇಳಲಿಲ್ಲ. ಅದಕ್ಕೆ ಇನ್ನಷ್ಟು ಉರಿದುಹೋಯಿತು.

ಮಾರನೇ ದಿನ ಕ್ಯಾನ್ಸಲೇಶನ್‌ಗೆ ಕೂತೆ. ಕೈ ಬರಲಿಲ್ಲ. ಅವನ ಮೇಲೆ ಸಿಟ್ಟಿತ್ತು, ನಿಜ. ಆದರೆ ಆ ಮೊಣಕಾಲು, ಆ ವಯಸ್ಸು ಇಟ್ಟುಕೊಂಡು ಊರಿಗೆ ಹೋಗಿ ಏನು ಮಾಡುತ್ತಾನೆ? ಅದೇ ತಿಂಗಳು ನಮ್ಮ ಅಬುಧಾಬಿ ಶಾಖೆಯ ಸ್ಟೋರಿನವನು ಕೆಲಸ ಬಿಟ್ಟು ಊರಿಗೆ ಹೋಗಿದ್ದ. ಧಣಿಗಳ ಕೋಣೆಗೆ ಹೋಗಿ, “ಇವನನ್ನು ಊರಿಗೆ ಕಳಿಸಿ ಅಬುಧಾಬಿಗೆ ಇನ್ನೊಬ್ಬನನ್ನು ತರಿಸುವ ಬದಲು ಇವನನ್ನೇ ಅಲ್ಲಿಗೆ ಹಾಕುವ ಧಣಿ. ನಿಮ್ಮ ಕಣ್ಣಿಗೂ ಬೀಳುದಿಲ್ಲ,” ಎಂದೆ. ಕಂಟೇನರು ಬಂದರಿನಲ್ಲಿ ಸಿಕ್ಕಿಕೊಂಡ ತಲೆಬಿಸಿಯಲ್ಲಿದ್ದರು. “ಎಲ್ಲಿಗಾರೂ ಹಾಕಿ ಮಾರ್ರೆ,” ಎಂದು ಕೈಬೀಸಿದರು.

ಆ ಫೈನಲಿನ ನಂತರ ಅವನು ಮತ್ತೆ ಆಡಲಿಲ್ಲ. ನಮ್ಮ ತಂಡವೂ ಉಳಿಯಲಿಲ್ಲ. ಇಂಪೋರ್ಟ್ ತನ್ನ ಜಿಮ್ಮಿಗೆ ಹೋದ, ಹುಡುಗರು ಒಬ್ಬೊಬ್ಬರಾಗಿ ಜೆರ್ಸಿ ಮಡಚಿ ತಂದು ನನ್ನ ಮೇಜಿನ ಮೇಲಿಟ್ಟರು. ಮರುವರ್ಷ ಧಣಿಗಳಿಗೆ ಕ್ರಿಕೆಟ್ ಹಿಡಿಯಿತು. ಅದನ್ನು ಬೇರೆ ಯಾರೋ ನೋಡಿಕೊಂಡರು, ಅಲ್ಹಮ್ದುಲಿಲ್ಲಾ.

ಅಬುಧಾಬಿಯಲ್ಲಿ ಅವನು ಸ್ಟೋರಿನೊಳಗೆ ಇರಬೇಕಿತ್ತು. ಆದರೆ ಸುದ್ದಿ ಹಬ್ಬಿ ಅಲ್ಲಿಗೂ ಜನ ಬಂದರು. ಫೋಟೋ ತೆಗೆಸಿಕೊಂಡವರು ಹೋಗುವಾಗ ನಲ್ಲಿಯೋ ಷವರೋ ಕೊಂಡು ಹೋಗುತ್ತಿದ್ದರು. ಶಾಖೆಯ ಮ್ಯಾನೇಜರ್ ಅವನನ್ನು ಶೋರೂಮಿನಲ್ಲೇ ನಿಲ್ಲಿಸಿದ. ಅಲ್ಲಿಯೂ ನನಗೆ ನೆಮ್ಮದಿಯಿಲ್ಲ. ನಮ್ಮ ಅತಿ ದುಬಾರಿ ಟೈಲ್ಸ್ ನೋಡುವ ಗಿರಾಕಿಗೆ ಇವನು, “ಮನೆಯಲ್ಲಿ ಮುದುಕರಿದ್ದರೆ ಇದು ಬೇಡ, ಒದ್ದೆಯಾದರೆ ಜಾರುತ್ತದೆ,” ಎನ್ನುತ್ತಾನೆ. ಮ್ಯಾನೇಜರ್ ನನಗೆ ಫೋನು ಮಾಡಿ ದೂರುತ್ತಾನೆ. ಜನ ಮಾತ್ರ ಅವನನ್ನೇ ಕೇಳಿಕೊಂಡು ಬರುತ್ತಾರೆ. ಕಳೆದ ವರ್ಷ ಧಣಿಗಳು ಅಲ್ಲಿಗೆ ಹೋದಾಗ ಶೋರೂಮ್ ತುಂಬಿತ್ತು. ಧಣಿಗಳು ಕೈಯೆತ್ತಿ ಅವನ ಬೆನ್ನು ತಟ್ಟಿ, ಗಿರಾಕಿಗಳಿಗೆ, “ನಮ್ಮ ಪ್ಲೇಯರ್, ನಾನೇ ತರಿಸಿದ್ದು,” ಎಂದರು.

ಈಚೆಗೆ ಅವನ ಹೆಂಡತಿ, ಮಗಳು ಬಂದರು. ಫ್ಯಾಮಿಲಿ ವೀಸಾ ಮಾಡಿಸಿದ್ದೂ ನಾನೇ. ಅಬುಧಾಬಿಯ ಮುಸಫ್ಫಾದಲ್ಲಿ ಅವರು ಹಿಡಿದ ಮನೆಗೆ ನಮ್ಮನ್ನು ಊಟಕ್ಕೆ ಕರೆದರು. ನಾನು, ಹೆಂಡತಿ, ಮಗಳು ಹೋದೆವು. ಅವನ ಹೆಂಡತಿ ಊರಿನಲ್ಲಿ ಶಾಲಾ ಟೀಚರ್ ಆಗಿದ್ದವಳು. ಗಂಡನ ಎದೆಗೂ ಬರದ ಎತ್ತರ, ದನಿ ಮಾತ್ರ ಇಡೀ ಕಟ್ಟಡಕ್ಕೆ ಕೇಳುವಷ್ಟು. ನಮಗೆಂದು ಹಲಾಲ್ ಕೋಳಿ ತಂದು, ಮೀನು ಹುರಿದು, ಅನ್ನದ ದೊಡ್ಡ ಪಾತ್ರೆಯನ್ನು ನಡುವೆ ಇಟ್ಟಳು. ಊಟಕ್ಕೆ ಕೂತೊಡನೆ ನನ್ನನ್ನು ಕೇಳಿದಳು, “ಸರ್, ಫೈನಲಿನ ದಿನ ಇವರು ನಿಮ್ಮ ಮಾತು ಕೇಳಲಿಲ್ಲವಂತೆ, ಹೌದಾ? ನಾವು ಊರಲ್ಲಿ ಇಡೀ ಬೀದಿಯವರು ಮೊಬೈಲಿನಲ್ಲಿ ನೋಡುತ್ತಿದ್ದೆವು.”

“ಕಾರಣವನ್ನೂ ಹೇಳಲಿಲ್ಲಮ್ಮಾ,” ಎಂದೆ.

ಅವಳು ಗಂಡನತ್ತ ನೋಡಿದಳು. ಅವನು ತಟ್ಟೆಯ ಮೀನಿನ ಮುಳ್ಳು ತೆಗೆಯುವುದರಲ್ಲಿ ಮಗ್ನನಾಗಿದ್ದ. ಅವಳೇ ಹೇಳಿದಳು.

ಮನಿಲಾದಲ್ಲಿ ಅವನ ಕೊನೆಯ ವರ್ಷ ಅದು. ಆಟದ ಸೋಲು ಗೆಲುವು ತೀರ್ಮಾನವಾದ ಮೇಲೆ ಕೊನೆಯ ಒಂದು ನಿಮಿಷಕ್ಕೆ ಅವನನ್ನು ಇಳಿಸುತ್ತಿದ್ದರು. ಮಗಳು ಆಗ ಚಿಕ್ಕವಳು. ಮೊದಲ ಸಲ ಅಪ್ಪನ ಆಟ ನೋಡಲು ಬಂದು ಬೆಂಚಿನ ಹಿಂದಿನ ಸಾಲಿನಲ್ಲಿ ಕೂತಿದ್ದಳು. ಅವನು ಎದ್ದು ಜಾಕೆಟ್ ಬಿಚ್ಚಿ ಅಂಕಣಕ್ಕೆ ಹೊರಟಾಗ ಜನ ಬಸ್ಸಿನ ನೂಕುನುಗ್ಗಲಿಗೆ ಮೊದಲೇ ಮನೆ ಸೇರಲು ಎದ್ದು ಹೊರಡತೊಡಗಿದರು. ಹುಡುಗಿ ಗಟ್ಟಿಯಾಗಿ ಕೇಳಿದಳು: “ಅಮ್ಮಾ, ಅಪ್ಪ ಬಂದ ಕೂಡಲೇ ಯಾಕೆ ಎಲ್ಲರೂ ಹೋಗುತ್ತಿದ್ದಾರೆ?”

“ಇವರಿಗೆ ಕೇಳಿಸಿತು ಸರ್. ಒಂದು ಸಲ ತಿರುಗಿ ನೋಡಿದರು. ಆಮೇಲೆ ಹೋಗಿ ಆಡಿದರು.”

ಆ ಹುಡುಗಿ ಈಗ ದೊಡ್ಡವಳು. ನನ್ನ ಮಗಳ ಪಕ್ಕ ಕೂತಿದ್ದವಳು ತಲೆ ತಗ್ಗಿಸಿದಳು. ನನಗೆ ಪಾಪ ಅನಿಸಬೇಕಿತ್ತು. ಅನಿಸಿತು ಕೂಡ. ಆದರೆ ಅದಕ್ಕಿಂತ ಹೆಚ್ಚಾಗಿ ಮತ್ತೆ ರೇಗಿಹೋಯಿತು.

“ಅಲ್ಲ ಮಾರಾಯ,” ಎಂದೆ ಅವನಿಗೆ, “ಇಲ್ಲಿ ಒಬ್ಬರೂ ಎದ್ದು ಹೋಗಿರಲಿಲ್ಲ. ಎಲ್ಲರೂ ನಿನ್ನ ಹೆಸರನ್ನೇ ಕೂಗುತ್ತಿದ್ದರು. ನಿನಗೆ ಕೇಳಿಸಲಿಲ್ಲವಾ?”

“ಕೇಳಿಸುತ್ತಿತ್ತು ಸರ್. ಮನಿಲಾದಲ್ಲಿಯೂ ಮೊದಮೊದಲು ಹಾಗೇ ಕೂಗುತ್ತಿದ್ದರು.”

“ಯಾರಾದರೂ ಎದ್ದು ಹೊರಟರಾ ಎಂದು ತಿರುಗಿ ನೋಡಬಹುದಿತ್ತಲ್ಲ!”

ಅವನು ತಲೆಯಾಡಿಸಿದ. ನೋಡಬಹುದಿತ್ತು ಎಂದೋ, ನೋಡಲಾಗಲಿಲ್ಲ ಎಂದೋ, ಯಾರಿಗೆ ಗೊತ್ತು? ನಾನು ಇನ್ನೂ ಏನೋ ಹೇಳಹೊರಟೆ. ಅಷ್ಟರಲ್ಲಿ ಅವನ ಹೆಂಡತಿ ನನ್ನ ತಟ್ಟೆಗೆ ಇನ್ನೊಂದು ಮೀನು ಹಾಕಿ, “ಬಿಡಿ ಸರ್. ಇದನ್ನೇ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ,” ಎಂದಳು. ನನ್ನ ಹೆಂಡತಿ ಅತ್ತ ಕೋಳಿ ಚೆನ್ನಾಗಿದೆ, ಏನು ಹಾಕಿದಿರಿ ಎಂದು ಕೇಳಿದಳು. ಅವಳು ವಿನೆಗರು, ಬೆಳ್ಳುಳ್ಳಿ ಎಂದು ಉತ್ಸಾಹದಿಂದ ಹೇಳತೊಡಗಿದಳು. ನಾನು ತಲೆ ತಗ್ಗಿಸಿ ಊಟ ಮಾಡಿದೆ.